ಅರ್ಧ ನಿಮಗೆ, ಅರ್ಧ ನನಗೆ

ಲಾಡ್ಜಿನ ಬೆಡ್‌ಶೀಟನ್ನು ಒಬ್ಬರೇ ಮಡಿಸಲು ಆಗುವುದಿಲ್ಲ. ಆಗುತ್ತದೆ ಎಂದು ವಾದಿಸುವವರು ಮನೆಯಲ್ಲಿ ಒಂದೋ ಎರಡೋ ಹೊದಿಕೆಯನ್ನು ಗದ್ದಕ್ಕೆ ಒತ್ತಿ ಹಿಡಿದು ಮಡಿಸಿದವರು. ಗಂಟುಗಂಟಾಗಿ ಬಂದು ಬೀಳುವ ಬೆಡ್‌ಶೀಟುಗಳ ಮುಂದೆ ಆ ಗದ್ದ ಮಧ್ಯಾಹ್ನಕ್ಕೇ ಕೈಕೊಡುತ್ತದೆ. ಎರಡು ತುದಿ ಒಬ್ಬರ ಕೈಯಲ್ಲಿರಬೇಕು, ಎರಡು ತುದಿ ಇನ್ನೊಬ್ಬರ ಕೈಯಲ್ಲಿ. ಇಬ್ಬರೂ ಹಿಂದಕ್ಕೆ ವಾಲಿ ಬಿಗಿಯಾಗಿ ಎಳೆದರೆ ಸುಕ್ಕು ಅರ್ಧ ಅಲ್ಲೇ ಹೋಗುತ್ತದೆ. ಆಮೇಲೆ ಅಗಲವನ್ನು ಅರ್ಧ ಮಾಡಿ ಮತ್ತೆ ಎಳೆಯಬೇಕು, ಒಬ್ಬರು ನಡೆದುಬಂದು ತಮ್ಮ ತುದಿಗಳನ್ನು ಇನ್ನೊಬ್ಬರ ಕೈಗೆ ಕೊಟ್ಟು, ಜೋತುಬಿದ್ದ ಮಡಿಕೆಯನ್ನು ಬಗ್ಗಿ ಎತ್ತಿಕೊಳ್ಳಬೇಕು.

ಬಸ್ ನಿಲ್ದಾಣದ ಹಿಂದಿನ ಬೀದಿಯ ಲಾಂಡ್ರಿಯಲ್ಲಿ ಆ ಇಬ್ಬರು ಗಂಡ ಹೆಂಡತಿ. ಲಾಂಡ್ರಿಯನ್ನು ಕಟ್ಟಿದವರು ಅತ್ತೆ. ಯಜಮಾನರು ತೀರಿಕೊಂಡಾಗ ಅವರ ಕೈಯಲ್ಲಿ ಇದ್ದದ್ದು ಒಂದು ಇಸ್ತ್ರಿಪೆಟ್ಟಿಗೆ ಮತ್ತು ಹಾಲು ಬಿಡದ ಒಬ್ಬ ಮಗ. ಈಗ ಕೆಳಗೆ ಒಗೆಯುವ ಯಂತ್ರ, ನೀರು ಹಿಂಡುವ ಯಂತ್ರ, ಉದ್ದನೆಯ ಇಸ್ತ್ರಿ ಮೇಜು, ಮೇಲೆ ಮನೆ, ಅದರ ಮೇಲೆ ತಾರಸಿಯಲ್ಲಿ ಒಣಹಾಕುವ ತಂತಿಗಳು. ಹಾಲು ಬಿಡದ ಮಗ ಬೆಳೆದು ಗುಂಡಣ್ಣನಾಗಿದ್ದ. ಅದು ಬೀದಿಯವರು ಆಕಾರ ನೋಡಿ ಇಟ್ಟ ಹೆಸರು. ಅವನ ಕತ್ತು ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆಂದು ದರ್ಜಿಗೂ ಗೊತ್ತಾಗುತ್ತಿರಲಿಲ್ಲ. ಅವನ ಹೆಂಡತಿ ಅತ್ತೆಗೆ ಸೊಸೆ, ಅತ್ತೆ ಕೂಗಿ ಕೂಗಿ ಇಡೀ ಬೀದಿಗೂ ಸೊಸೆ.

ಸೊಸೆ ಮದುವೆಯಾಗಿ ಬಂದಾಗ ಅತ್ತೆ ಅಡುಗೆಮನೆ ತೋರಿಸುವ ಮೊದಲು ಕೈಗೆ ಬೆಡ್‌ಶೀಟಿನ ಎರಡು ತುದಿ ಕೊಟ್ಟಿದ್ದರು.

"ನೋಡಮ್ಮ, ಈ ಕೆಲಸಕ್ಕೆ ಕಣ್ಣು ಬೇಡ. ಆ ಕಡೆ ನಿಂತೋನು ಏನು ಮಾಡ್ತಿದ್ದಾನೆ ಅಂತ ಬಟ್ಟೆನೇ ನಿನ್ನ ಕೈಗೆ ಹೇಳುತ್ತೆ."

ಮೊದಮೊದಲು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅವಳು ಉದ್ದಕ್ಕೆ ಮಡಿಸಲು ಹೊರಟರೆ ಇವನು ಅಗಲಕ್ಕೆ. ಒಂದು ವರ್ಷ ಕಳೆಯುವ ಹೊತ್ತಿಗೆ ಇಬ್ಬರೂ ಬೇರೆ ಕಡೆ ನೋಡುತ್ತ, ಬೇರೆಯವರ ಸುದ್ದಿ ಆಡುತ್ತ, ಗೆರೆ ತಪ್ಪದೆ ಮಡಿಸುತ್ತಿದ್ದರು. ಬಟ್ಟೆಯ ಬಿಗಿಯಿಂದಲೇ ಅವಳಿಗೆ ಗಂಡನ ಹಸಿವು ಗೊತ್ತಾಗುತ್ತಿತ್ತು, ಮುನಿಸು ಗೊತ್ತಾಗುತ್ತಿತ್ತು. ದಿನವಿಡೀ ಅರ್ಧ ಮಾಡುವುದೇ ಕೆಲಸವಾದ್ದರಿಂದ ಬದುಕಿಗೂ ಅದೇ ಚಾಳಿ ಹತ್ತಿತು. ಒಂದು ಲೋಟ ಚಹಾ ತರಿಸಿದರೆ ಅರ್ಧ ಅವನಿಗೆ, ಅರ್ಧ ಅವಳಿಗೆ. ಒಂದು ಬಾಳೆಹಣ್ಣು ಇದ್ದರೆ ಅದಕ್ಕೂ ಅದೇ ಗತಿ. ಒಬ್ಬರಿಗೆ ನೆಗಡಿಯಾದರೆ ಅದೂ ಪಾಲಾಗುತ್ತಿತ್ತು. ಮಕ್ಕಳಾಗಲಿಲ್ಲ. ಆ ದುಃಖವನ್ನೂ ಹಾಗೆಯೇ ಪಾಲು ಮಾಡಿಕೊಂಡರು, ಯಾರ ಕಡೆಯಿಂದ ಎಂದು ಯಾರೂ ಕೇಳಲಿಲ್ಲ.

ಗುಂಡಣ್ಣನಲ್ಲಿದ್ದ ಒಂದೇ ಒಂದು ಐಬು ಎಂದರೆ ನಿದ್ದೆ. ಕುಳಿತರೆ ತೂಕಡಿಕೆ, ಒರಗಿದರೆ ಗೊರಕೆ. ನಿಂತು ಮಡಿಸುವಾಗಲೇ ಕಣ್ಣು ಮುಚ್ಚುತ್ತಿದ್ದ. ಆಚೆ ತುದಿ ಸಡಿಲವಾದದ್ದು ಸೊಸೆಯ ಬೆರಳಿಗೆ ತಿಳಿದ ಕೂಡಲೇ ಅವಳು ಬೆಡ್‌ಶೀಟನ್ನು ಒಮ್ಮೆ ಜಗ್ಗುತ್ತಿದ್ದಳು. ಅವನು ಬೆಚ್ಚಿ, "ಇದ್ದೀನಿ, ಇದ್ದೀನಿ," ಎನ್ನುತ್ತಿದ್ದ.

"ಎಲ್ಲಿದ್ದೀರ? ಮೈ ಇಲ್ಲಿದೆ ಅಷ್ಟೆ."

"ಮೈ ಇರೋ ಕಡೆ ನಾನೂ ಇದ್ದೇ ಇರ್ತೀನಿ ಕಣೇ. ಇಷ್ಟು ದೊಡ್ಡ ಮೈ ಬಿಟ್ಟು ಎಲ್ಲಿಗೆ ಹೋಗ್ಲಿ?"

ಲಾಡ್ಜಿನ ಮ್ಯಾನೇಜರ್ ಅದನ್ನು ನೋಡಿದಾಗಲೆಲ್ಲ, "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ," ಎಂದು ನಗುತ್ತಿದ್ದರು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರಲ್ಲ, ಈ ಗಾದೆ ಈ ಮನೆಯ ಮಟ್ಟಿಗೆ ಶುದ್ಧ ಸುಳ್ಳು. ಹಗಲೆಲ್ಲ ತೂಕಡಿಸುವವನು ರಾತ್ರಿ ಮಲಗಿಯೇ ಇಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಗೊರಕೆ ಕೇಳಿದರೆ ಸಾಕು, ಅಯ್ಯೋ ಎಂಥ ಸುಖನಿದ್ದೆ ಎಂದು ಹೊಟ್ಟೆಕಿಚ್ಚು ಪಡುವ ಜನ ನಾವು.

ಆ ಗೊರಕೆಯ ಒಳಗುಟ್ಟು ಸೊಸೆಗೆ ಮಾತ್ರ ಗೊತ್ತಿತ್ತು. ಅದು ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಎದೆ ಏಳಲು ಒದ್ದಾಡುತ್ತಿತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ. ಅವಳು ಜಗ್ಗಿದರೆ ಗಂಟಲಿನಿಂದ ಒಂದು ದೊಡ್ಡ ಸದ್ದು ಬಂದು ಉಸಿರು ಒಳಗೆ ನುಗ್ಗುತ್ತಿತ್ತು. ಅರೆಎಚ್ಚರದಲ್ಲೇ "ಇದ್ದೀನಿ" ಎಂದು ಮಗ್ಗುಲು ಹೊರಳುತ್ತಿದ್ದ. ಮಂಚದಲ್ಲಿ ಅವನಿಗೇ ಜಾಗ ಸಾಲದು. ಅವಳು ಕೆಳಗೆ ಹಾಸಿಗೆ ಹಾಕಿಕೊಳ್ಳುತ್ತಿದ್ದಳು. ಎದ್ದು ಎದ್ದು ಸಾಕಾಗಿ, ಹರಿದ ಬೆಡ್‌ಶೀಟಿನ ಅಂಚಿನಿಂದ ಒಂದು ಪಟ್ಟಿ ಕಿತ್ತು, ಒಂದು ತುದಿ ಅವನ ಮಣಿಕಟ್ಟಿಗೆ ಕಟ್ಟಿ ಇನ್ನೊಂದು ತುದಿಯನ್ನು ತನ್ನ ಕೈಗೆ ಸುತ್ತಿಕೊಂಡಳು. ಮಲಗಿದಲ್ಲೇ ಜಗ್ಗಬಹುದಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಮಾತಿದೆ. ಇವರ ಜಗ್ಗಾಟ ಶುರುವಾಗುತ್ತಿದ್ದದ್ದೇ ಮಲಗಿದ ಮೇಲೆ.

ಅತ್ತೆಗೆ ಆ ಪಟ್ಟಿ ಕಂಡರೆ ಮೈಯೆಲ್ಲ ಉರಿ.

"ನನ್ನ ಮಗನ್ನ ಎತ್ತಿನ ಹಾಗೆ ಕಟ್ಟಿಹಾಕಿದ್ದೀಯಲ್ಲೇ! ಹಗಲೆಲ್ಲ ದುಡೀತಾನೆ, ರಾತ್ರಿನಾದ್ರೂ ಕಣ್ತುಂಬ ಮಲಗೋಕೆ ಬಿಡೇ ತಾಯಿ."

"ಉಸಿರು ನಿಂತುಹೋಗುತ್ತೆ ಅತ್ತೆ."

"ಅವರಪ್ಪನಿಗೂ ಹಾಗೇ ಆಗ್ತಿತ್ತು, ನನಗೂ ಆಗುತ್ತೆ ಅಂತ ಅವರು ಹೇಳೋರು. ನಾವೇನು ಸತ್ತುಹೋದ್ವಾ?"

ಮಾವ ನಲವತ್ತು ತುಂಬುವ ಮೊದಲೇ ನಿದ್ದೆಯಲ್ಲಿ ತೀರಿಕೊಂಡಿದ್ದರು. ಪುಣ್ಯವಂತ, ನರಳದೆ ಹೋದ ಎಂದು ಆಗ ಎಲ್ಲರೂ ಹೇಳಿದ್ದರಂತೆ. ಅತ್ತೆಯ ಪ್ರಶ್ನೆಗೆ ಆ ಉತ್ತರ ಸೊಸೆಯ ನಾಲಿಗೆಯ ತುದಿಗೆ ಬರುತ್ತಿತ್ತು, ಅವಳು ನುಂಗಿಕೊಳ್ಳುತ್ತಿದ್ದಳು. ಗಂಡನನ್ನು ಮಲಗಲು ಬಿಡದ ಹೆಂಡತಿ ಎಂಬ ಹೆಸರನ್ನು ಅವಳು ವರ್ಷಗಟ್ಟಲೆ ಹೊತ್ತಳು. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಅವಳಿಗೂ ಖಚಿತವಿರಲಿಲ್ಲ.

ಹೀಗೆ ನಿದ್ದೆಗೆಟ್ಟ ಹೆಂಗಸು ಒಂದು ದಿನ ಇಸ್ತ್ರಿ ಮೇಜಿನ ಮುಂದೆ ನಿಂತಲ್ಲೇ ಕಣ್ಣು ಮುಚ್ಚಿದಳು. ಸುಟ್ಟ ವಾಸನೆಗೆ ಬೆಚ್ಚಿ ನೋಡಿದರೆ ಹೊಸ ಬೆಡ್‌ಶೀಟಿನ ನಟ್ಟನಡುವೆ ಇಸ್ತ್ರಿಪೆಟ್ಟಿಗೆಯ ಕಂದು ಗುರುತು. ಮ್ಯಾನೇಜರ್ ಕೂಗಾಡಿದರು. ಅತ್ತೆ ಎದುರಿಗೆ ಅವರನ್ನೇ ಬೈದು ಕಳುಹಿಸಿ, ಆಮೇಲೆ ಸೊಸೆಯ ಕೆಂಪಗಾದ ಕಣ್ಣು ನೋಡಿ, ರಿಕ್ಷಾ ಹತ್ತಿಸಿ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಕರೆದೊಯ್ದರು.

"ಯಾಕಮ್ಮ ನಿದ್ದೆ ಬರಲ್ಲ?" ಎಂದರು ಡಾಕ್ಟರು.

ಸೊಸೆ ಪಕ್ಕದಲ್ಲಿ ಕುಳಿತ ಅತ್ತೆಯ ಮುಖ ನೋಡಿದಳು. ಪಟ್ಟಿಯ ಮಾತು ಎತ್ತಿದರೆ ಡಾಕ್ಟರ ಎದುರಿಗೇ ಪಂಚಾಯಿತಿ ಶುರುವಾಗುತ್ತದೆ. "ಏನೋ ಯೋಚನೆ ಸಾರ್," ಎಂದಳು. ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟರು.

ಅಂದು ಊಟವಾದ ಮೇಲೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಸುಮ್ಮನೆ ಕುಳಿತಿದ್ದಳು.

"ನುಂಗೋಕೆ ಮುಹೂರ್ತ ನೋಡ್ತಿದ್ದೀಯಾ?" ಎಂದ ಗುಂಡಣ್ಣ.

"ನಾನು ಮಲಗಿಬಿಟ್ರೆ ನಿಮ್ಮನ್ನ ಎಳೆಯೋರು ಯಾರು ರೀ?"

ಅವನು ಸ್ವಲ್ಪ ಹೊತ್ತು ಯೋಚಿಸಿದ. ಮಡಿಸುವ ಕೆಲಸದವನು, ಯಾವುದನ್ನೂ ಗೆರೆ ಸೇರಿಸಿ ನೋಡುವ ಬುದ್ಧಿ ಅವನದು.

"ನೋಡು, ನಾನು ಸರಿಯಾಗಿ ನಿದ್ದೆ ಮಾಡ್ತಿಲ್ಲ. ಬೆಚ್ಚಿ ಬೆಚ್ಚಿ ಏಳ್ತೀನಿ. ಅದಕ್ಕೇ ತಾನೇ ಉಸಿರು ಹಾಗೆ ಸಿಕ್ಕಿಹಾಕ್ಕೊಳ್ಳೋದು? ಒಂದು ಸಲ ಗಾಢವಾಗಿ ನಿದ್ದೆ ಹತ್ತಿದ್ರೆ ಎಲ್ಲಾ ಸರಿಹೋಗುತ್ತೆ. ಈ ಮಾತ್ರೆ ಬೇಕಾಗಿರೋದು ನಿನಗಿಂತ ನನಗೇ ಕಣೇ."

ಆ ಮಾತು ಅವಳಿಗೆ ಸರಿ ಅನ್ನಿಸಿತು. ನಿಮಗಾಗಲಿ ನನಗಾಗಲಿ ಆ ಹೊತ್ತಿನಲ್ಲಿ ಸರಿ ಅನ್ನಿಸುತ್ತಿತ್ತು. ಬೆಚ್ಚಿ ಏಳುತ್ತಿದ್ದುದರಿಂದಲೇ ಅವನು ಬದುಕಿದ್ದಾನೆ, ಆ ಏಳುವುದೇ ಮನೆಯ ಕಾವಲುಗಾರ, ಅವನಿಗೇ ಮದ್ದು ಹಾಕಿ ಮಲಗಿಸಲು ಹೊರಟಿದ್ದೇವೆ ಎಂದು ಬಟ್ಟೆ ಒಗೆಯುವವರಿಗೆ ಯಾರು ಹೇಳಬೇಕು? ಅವಳು ಮಾತ್ರೆಯನ್ನು ದೀಪಕ್ಕೆ ಹಿಡಿದು ನೋಡಿದಳು. ಅದರ ನಡುವೆ ಸಣ್ಣದೊಂದು ಗೆರೆ ಇತ್ತು.

"ಅರ್ಧ ಮಾಡೋಕೇ ಗೆರೆ ಹಾಕಿದ್ದಾರೆ ರೀ," ಎಂದು ಅವಳು ನಕ್ಕಳು.

"ಮತ್ತೆ? ಅವರಿಗೂ ಗೊತ್ತು, ನಾವು ಒಬ್ಬೊಬ್ಬರೇ ಏನೂ ತಿನ್ನಲ್ಲ ಅಂತ."

ಮಾತ್ರೆ ಗೆರೆಯ ಮೇಲೆ ಚೊಕ್ಕವಾಗಿ ಮುರಿಯಿತು. ಅರ್ಧ ಅವನಿಗೆ ಕೊಟ್ಟಳು, ಅರ್ಧ ತಾನು ನುಂಗಿದಳು. ಒಂದೇ ಲೋಟದ ನೀರನ್ನು ಇಬ್ಬರೂ ಕುಡಿದರು.

ಮರುದಿನ ಅವಳು ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು. ಎಷ್ಟೋ ವರ್ಷಗಳ ಮೇಲೆ ಹಾಗೆ ಮಲಗಿದ್ದಳು. ಗಂಡ ಮಂಚದ ಮೇಲೆ ಗೊರಕೆ ಹೊಡೆಯುತ್ತ ಇದ್ದ, ಅಂದರೆ ಇದ್ದ. ಅವಳಿಗೆ ಅಷ್ಟು ಸಾಕಾಯಿತು. ಅಂದಿನಿಂದ ದಿನಾ ರಾತ್ರಿ ಒಂದು ಮಾತ್ರೆ ಇಬ್ಬರಿಗೂ ಪಾಲಾಯಿತು. ಕೆಲವೇ ವಾರಗಳಲ್ಲಿ ಅವಳ ಕಣ್ಣ ಕೆಳಗಿನ ಕಪ್ಪು ಹೋಯಿತು, ಊಟ ಸೇರತೊಡಗಿತು, ಇಸ್ತ್ರಿ ಮಾಡುತ್ತ ಹಾಡು ಗುನುಗತೊಡಗಿದಳು. "ನೋಡಿದ್ಯಾ, ಮಲಗೋಕೆ ಬಿಟ್ರೆ ಇಬ್ಬರಿಗೂ ಒಳ್ಳೇದು ಅಂತ ನಾನು ಬಡ್ಕೊಳ್ತಿದ್ದೆ," ಎಂದು ಅತ್ತೆ ಗೆದ್ದರು. ಸೊಸೆ ಆ ಪಟ್ಟಿಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಮಡಿಸಿ ಕಪಾಟಿನಲ್ಲಿಟ್ಟಳು. ಬೇಡದ ವಸ್ತುವನ್ನೂ ಸುಕ್ಕಾಗಿಡಲು ಅವಳಿಗೆ ಬರುತ್ತಿರಲಿಲ್ಲ.

ಗುಂಡಣ್ಣನ ವಿಷಯ ಬೇರೆಯಾಗಿತ್ತು. ಬೆಳಿಗ್ಗೆ ಎದ್ದರೆ ತಲೆ ಭಾರ ಎನ್ನುತ್ತಿದ್ದ, ತುಟಿ ಸ್ವಲ್ಪ ಕಪ್ಪಿಟ್ಟ ಹಾಗೆ ಕಾಣುತ್ತಿತ್ತು. "ಇಷ್ಟು ದಿನದ ನಿದ್ದೆ ಬಾಕಿ ಇದೆ, ಅದು ತೀರೋ ತನಕ ಹೀಗೇ," ಎಂದು ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಮಡಿಸುವಾಗ ಆಚೆ ತುದಿ ಸಡಿಲವಾಯಿತು. ಸೊಸೆ ಎಂದಿನಂತೆ ಜಗ್ಗಿದಳು. ಅವನು ಬೆಚ್ಚಲಿಲ್ಲ, ಬೆಡ್‌ಶೀಟ್ ಅವನ ಬೆರಳಿನಿಂದ ಜಾರಿ ಒದ್ದೆ ನೆಲಕ್ಕೆ ಬಿತ್ತು. ಅವನು ಗೋಡೆಗೆ ಒರಗಿ ನಿಂತೇ ಇದ್ದ. ಹೆಗಲು ಹಿಡಿದು ಅಲುಗಿಸಿದ ಮೇಲೆ "ಇದ್ದೀನಿ" ಎಂದ, ತೀರಾ ದೂರದಿಂದ ಎಂಬಂತೆ. ಒಗೆದ ಬಟ್ಟೆ ನೆಲಕ್ಕೆ ಬಿದ್ದದ್ದಕ್ಕೆ ಅವಳು ರೇಗಿದಳು, ಅದನ್ನು ಮತ್ತೆ ಯಂತ್ರಕ್ಕೆ ಹಾಕಿದಳು. ಬಟ್ಟೆ ಅಂದು ಅವಳ ಕೈಗೆ ಹೇಳಬೇಕಾದದ್ದನ್ನು ಹೇಳಿತ್ತು. ಅವಳು ಕೇಳಿಸಿಕೊಳ್ಳಲಿಲ್ಲ.

ಅದಾದ ಕೆಲವು ದಿನಕ್ಕೆ ಒದ್ದೆ ಗಂಟು ಎತ್ತುವಾಗ ಅವನ ಭುಜ ಹಿಡಿದುಕೊಂಡಿತು. ಕೈ ಎತ್ತಲಾರ, ಅಂಗಿ ತೊಡಲಾರ. ಶನಿವಾರ ಇಬ್ಬರೂ ಅದೇ ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಭುಜ ಒತ್ತಿ ನೋಡಿ, ಜೋರಾದ ನೋವಿನ ಮಾತ್ರೆಯನ್ನೇ ಕೊಡಬೇಕು ಎಂದರು.

"ಬೇರೆ ಯಾವುದಾದರೂ ಮಾತ್ರೆ ತಗೊಳ್ತೀರಾ?"

"ಇಲ್ಲ ಸಾರ್," ಎಂದ ಗುಂಡಣ್ಣ. ಸುಳ್ಳು ಹೇಳುವ ಉದ್ದೇಶ ಅವನಿಗೆ ಇರಲಿಲ್ಲ. ಆ ಮಾತ್ರೆ ಹೆಂಡತಿಯದು. ಅವಳ ಚಹಾದಲ್ಲಿ ಅರ್ಧ ಕುಡಿದರೆ ಯಾರಾದರೂ ನಾನು ಚಹಾ ತರಿಸಿದೆ ಎನ್ನುತ್ತಾರೆಯೇ? ಸೊಸೆ ಪಕ್ಕದಲ್ಲೇ ನಿಂತಿದ್ದಳು. ಅವಳಿಗೂ ಹೊಳೆಯಲಿಲ್ಲ.

"ನಿದ್ದೆ ಹೇಗೆ? ಗೊರಕೆ ಗಿರಕೆ?"

ಆಗ ಸೊಸೆ ಬಾಯಿಬಿಟ್ಟಳು. ಗಂಡನನ್ನು ಮಲಗಲು ಬಿಡದವಳು ಎಂಬ ಹೆಸರನ್ನು ಈಗಷ್ಟೇ ಇಳಿಸಿಕೊಂಡಿದ್ದಳಲ್ಲ, ಆ ಹಿಗ್ಗು ಮಾತಾಡಿಸಿತು. "ಈಗ ಚೆನ್ನಾಗಿ ಮಲಗ್ತಾರೆ ಸಾರ್. ಕುಂಭಕರ್ಣನೇ."

ಡಾಕ್ಟರು ನಕ್ಕರು. "ಪುಣ್ಯವಂತರು. ಇದು ಸ್ವಲ್ಪ ಮಂಪರು ಬರಿಸುತ್ತೆ, ಗಾಡಿ ಓಡಿಸಬೇಡಿ," ಎಂದು ಚೀಟಿ ಬರೆದರು.

ಮರುದಿನ ಭಾನುವಾರ. ಭಾನುವಾರ ಮಧ್ಯಾಹ್ನ ಲಾಂಡ್ರಿಗೆ ರಜೆ. ಅವತ್ತು ಊಟ ಮಾಡಿ ಸಂಜೆಯ ತನಕ ಮಲಗುವುದು ಈ ಮೂವರಿಗೂ ವಾರದ ದೊಡ್ಡ ಸುಖ. ಗುಂಡಣ್ಣ ಅವತ್ತು ಬೆಳಿಗ್ಗೆಯಷ್ಟೇ ಅಂಗಡಿಯಿಂದ ತಂದ ಭುಜದ ನೋವಿನ ಜೋರು ಮಾತ್ರೆ ನುಂಗಿದ. ನೋವಿನಿಂದ ಮಗ್ಗುಲು ಬದಲಿಸಲು ಆಗದೆ ಎಚ್ಚರವಾಗಿಬಿಟ್ಟೀತು ಎಂದು ಸೊಸೆಯೇ ನಿದ್ದೆ ಮಾತ್ರೆ ತೆಗೆದು ಗೆರೆಯ ಮೇಲೆ ಮುರಿದಳು.

"ಇದು ರಾತ್ರಿಗಲ್ವಾ?" ಎಂದ ಅವನು.

"ಭಾನುವಾರ ಅಲ್ವಾ ರೀ. ಅರ್ಧ ನಿಮಗೆ, ಅರ್ಧ ನನಗೆ."

ಅವನು ಬಾಯಿ ತೆರೆದ, ಅವಳೇ ಹಾಕಿದಳು. ಅದು ಅವರಿಬ್ಬರ ನಡುವಿನ ಕೊನೆಯ ಮಾತು.

ಹೊರಗಿನ ಕೋಣೆಯಲ್ಲಿ ಅತ್ತೆ ರೇಡಿಯೋ ಹಾಕಿಕೊಂಡು ಕಾಲು ಚಾಚಿದ್ದರು. ಒಳಗಿನಿಂದ ಮಗನ ಗೊರಕೆ ರೇಡಿಯೋವನ್ನೂ ಮೀರಿ ಬರುತ್ತಿತ್ತು. ಆಮೇಲೆ ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಇನ್ನೊಮ್ಮೆ ಬರಲಿಲ್ಲ. ಅತ್ತೆಗೆ ಸಮಾಧಾನವಾಯಿತು. ಹೆತ್ತ ಕರುಳು, ಮಗ ಈಗ ನೆಮ್ಮದಿಯಾಗಿ ಮಲಗಿದ ಎಂದುಕೊಂಡಿತು. ರೇಡಿಯೋ ಆರಿಸಿದರು, ಎದ್ದು ಹೋಗಿ ಕಿಟಕಿಯ ಪರದೆ ಎಳೆದರು, ಸದ್ದಾಗದಂತೆ ಬಾಗಿಲು ಮುಚ್ಚಿ ಬಂದರು. ಲಾಡ್ಜಿನವನು ಒಂದು ಗಂಟು ತಂದು ಮೆಟ್ಟಿಲ ಬಳಿ ಕೂಗಿದಾಗ, "ಮೆಲ್ಲಗಪ್ಪಾ, ಮಗ ಮಲಗಿದ್ದಾನೆ," ಎಂದು ಬಾಯಿಗೆ ಬೆರಳಿಟ್ಟು ಕಳುಹಿಸಿದರು.

ಸೊಸೆಗೆ ಎಚ್ಚರವಾದಾಗ ಕೋಣೆ ಮಬ್ಬಾಗಿತ್ತು. ಹಳೆಯ ಅಭ್ಯಾಸದಿಂದ ಕೈ ಮೊದಲು ಪಟ್ಟಿಯನ್ನು ಹುಡುಕಿತು, ಪಟ್ಟಿ ಇರಲಿಲ್ಲ. ಮನೆಯಲ್ಲಿ ಅಷ್ಟು ಮೌನವನ್ನು ಅವಳು ಎಂದೂ ಕೇಳಿರಲಿಲ್ಲ. ಅವನು ಎದ್ದು ಕೆಳಗೆ ಹೋಗಿರಬೇಕು ಎಂದುಕೊಂಡು ತಿರುಗಿದಳು. ಮಂಚದ ಅಂಚಿನಿಂದ ಅವನ ಕೈ ಕೆಳಗೆ ಇಳಿಬಿದ್ದಿತ್ತು. ಅಂಗಿಯ ತೋಳು ಹಿಡಿದು ಜಗ್ಗಿದಳು. "ರೀ" ಎಂದಳು. ಇನ್ನೊಮ್ಮೆ ಜಗ್ಗಿದಳು. ಎರಡೂ ಕೈಯಲ್ಲಿ, ಹಿಂದಕ್ಕೆ ವಾಲಿ, ಬೆಡ್‌ಶೀಟ್ ಎಳೆಯುವಂತೆ ಎಳೆದಳು. ಆ ದೊಡ್ಡ ಮೈ ಸ್ವಲ್ಪ ಅಲುಗಿ, ಇದ್ದ ಹಾಗೆಯೇ ಉಳಿಯಿತು. "ಇದ್ದೀನಿ ಅನ್ನಿ," ಎಂದು ಅವಳು ಕಿರುಚಿದ್ದು ಬೀದಿಗೆ ಕೇಳಿಸಿತು. ಅತ್ತೆ ಚಹಾದ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದರು.

ದೊಡ್ಡಾಸ್ಪತ್ರೆಯಲ್ಲಿ ಅವರನ್ನು ಕೂರಿಸಿ ಮಾತಾಡಿದವರು ಒಬ್ಬ ಡಾಕ್ಟರಮ್ಮ. ಆತುರದವರಲ್ಲ. ಏನೇನು ನುಂಗಿದ್ದ, ಹೇಗೆ ಮಲಗುತ್ತಿದ್ದ, ಎಲ್ಲ ಕೇಳಿದರು. ಸೊಸೆ ಪಟ್ಟಿಯ ಕಥೆಯನ್ನು ಜೀವನದಲ್ಲಿ ಮೊದಲ ಸಲ ಪೂರ್ತಿ ಹೇಳಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಬರೀ ಗೊರಕೆ ಅಲ್ಲಮ್ಮ, ಕಾಯಿಲೆ. ಮಲಗಿದಾಗ ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ. ಒಳಗೆ ಗಾಳಿ ಕಡಿಮೆಯಾದ ತಕ್ಷಣ ಮೆದುಳು ಬಡಿದು ಎಬ್ಬಿಸುತ್ತೆ. ಎದ್ದ ಕೂಡಲೇ ಗಂಟಲು ಬಿಗಿಯಾಗಿ ದಾರಿ ತೆರೆದುಕೊಳ್ಳುತ್ತೆ. ರಾತ್ರಿಯೆಲ್ಲ ಹೀಗೇ. ಅದಕ್ಕೇ ಹಗಲು ಅಷ್ಟು ತೂಕಡಿಕೆ."

"ನಿದ್ದೆ ಮಾತ್ರೆ ತಗೊಂಡ್ರೆ ನಿದ್ದೆ ಸರಿಹೋಗುತ್ತೆ ಅಂದ್ಕೊಂಡ್ವಿ."

"ಮಾತ್ರೆ ದಾರಿ ತೆರೆಯಲ್ಲಮ್ಮ. ಎಬ್ಬಿಸೋ ಮೆದುಳನ್ನ ಮಂಕು ಮಾಡುತ್ತೆ. ಬೇಗ ಏಳಬೇಕಾದವರು ತಡವಾಗಿ ಏಳ್ತಾರೆ, ಉಸಿರು ಇನ್ನಷ್ಟು ಹೊತ್ತು ನಿಲ್ಲುತ್ತೆ. ಅರ್ಧ ಮಾತ್ರೆ ಒಂದೇ ಆಗಿದ್ರೆ ಹೇಗೋ ಏನೋ. ಅದರ ಮೇಲೆ ಆ ನೋವಿನ ಮಾತ್ರೆ, ಅದು ಉಸಿರಾಟವನ್ನೇ ನಿಧಾನ ಮಾಡುತ್ತೆ. ಎರಡೂ ಸೇರಿದಾಗ... ಇದೇ ಕಾರಣ ಅಂತ ಖಂಡಿತವಾಗಿ ಹೇಳಲಾರೆ. ಆದರೆ ನನಗೆ ಹಾಗೇ ಅನ್ನಿಸುತ್ತೆ."

"ಇದಕ್ಕೆ ಔಷಧಿ ಇತ್ತಾ?"

"ಮೂಗಿಗೆ ಹಾಕಿಕೊಂಡು ಮಲಗೋ ಗಾಳಿ ಯಂತ್ರ ಇದೆ. ಅದು ದಾರಿ ಮುಚ್ಚದ ಹಾಗೆ ನೋಡ್ಕೊಳ್ಳುತ್ತೆ. ಮೊದಲೇ ಗೊತ್ತಾಗಿದ್ರೆ..."

ಸೊಸೆ ಕೊನೆಗೆ ಕೇಳಬೇಕಾದದ್ದನ್ನು ಕೇಳಿದಳು. "ನಾನು ಎಚ್ಚರ ಇದ್ದು ಎಳೆದಿದ್ರೆ?"

ಡಾಕ್ಟರಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಎದ್ದಿರಬಹುದು. ಏಳದೇನೂ ಇರಬಹುದು. ಇಷ್ಟು ವರ್ಷ ನೀವು ಎಳೆದಿದ್ದು ಮಾತ್ರ ಸರಿಯಾಗೇ ಇತ್ತು," ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, ಇದು ಒಂದೇ ಮನೆಯವರಲ್ಲಿ ಬರುವುದುಂಟು, ನಿಮಗೂ ಗೊರಕೆ ಇದ್ದರೆ ಒಂದು ದಿನ ಬಂದು ಪರೀಕ್ಷೆ ಮಾಡಿಸಿಕೊಳ್ಳಿ ಎಂದರು.

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಸುಲಭವಾಗಿ ಹೇಳುತ್ತೇವೆ. ಆ ಬುದ್ಧಿಯನ್ನು ಇಟ್ಟುಕೊಂಡು ಮನೆಗೆ ಬಂದವರು ಏನು ಮಾಡಬೇಕು ಎಂದು ಯಾವ ಗಾದೆಯೂ ಹೇಳುವುದಿಲ್ಲ. ಬಂದ ನೆಂಟರು ಹೋದರು. ಗಂಟುಗಳು ಮೆಟ್ಟಿಲ ಬಳಿ ಬೆಳೆಯುತ್ತಿದ್ದವು. ಸೊಸೆ ಅಳಲಿಲ್ಲ. ಒಣಗಿದ ಮುಖದಲ್ಲಿ ಒಗೆದಳು, ಹಿಂಡಿದಳು, ತಾರಸಿಗೆ ಹೊತ್ತಳು. ಮಡಿಸುವ ಹೊತ್ತು ಬಂದಾಗ ಒಂದು ಬೆಡ್‌ಶೀಟಿನ ಎರಡು ತುದಿ ಹಿಡಿದು, ಇನ್ನೆರಡು ತುದಿ ಮೇಜಿನ ಮೇಲೆ ಬಿಟ್ಟು, ಸುಮ್ಮನೆ ನಿಂತುಬಿಟ್ಟಳು.

ಅತ್ತೆ ಮೆಟ್ಟಿಲಿಳಿದು ಬಂದು ಆಚೆ ತುದಿಗಳನ್ನು ಎತ್ತಿಕೊಂಡರು. ಸೊಸೆ ಬಂದ ದಿನದಿಂದ ಅವರು ಆ ಕೆಲಸ ಬಿಟ್ಟಿದ್ದರು.

"ಎಳಿಯೇ. ನಾನೇನು ಮುರಿದುಹೋಗಲ್ಲ."

ಎಳೆದರು. ಅರ್ಧ ಮಾಡಿದರು. ಅತ್ತೆ ನಡೆದುಬಂದು ತುದಿಗಳನ್ನು ಕೊಡುವಾಗ ಸೊಸೆಯ ಕೈಯನ್ನು ಬಿಡಲಿಲ್ಲ.

"ಅವತ್ತು ಬಾಗಿಲು ಹಾಕಿದ್ದು ನಾನು," ಎಂದರು. "ಗೊರಕೆ ನಿಂತಿದ್ದು ಕೇಳಿಸ್ತು. ಸದ್ಯ, ಮಲಗಿದ ಅಂದ್ಕೊಂಡೆ. ಬಾಗಿಲು ಹಾಕಿ ಬಂದೆ ಕಣೇ."

"ಮಾತ್ರೆ ಮುರಿದದ್ದು ನಾನು ಅತ್ತೆ. ಬಾಯಿಗೆ ಹಾಕಿದ್ದೂ ನಾನೇ."

"ಇಷ್ಟು ವರ್ಷ ನನ್ನ ಮಗನ್ನ ಎಳೆದು ಎಳೆದು ಇಟ್ಕೊಂಡಿದ್ದೋಳು ನೀನು. ಮಲಗೋಕೆ ಬಿಡು, ಮಲಗೋಕೆ ಬಿಡು ಅಂದೋಳು ನಾನು." ಅತ್ತೆ ಬಟ್ಟೆಯ ತುದಿಗಳನ್ನು ಸೊಸೆಯ ಅಂಗೈಗೆ ಒತ್ತಿದರು. "ಎಲ್ಲಾ ಒಬ್ಬಳೇ ಹೊರಬೇಡ. ಅರ್ಧ ನನಗೂ ಕೊಡು."

ಆಗಲೂ ಸೊಸೆ ಅಳಲಿಲ್ಲ. ಮುಂದಿನ ಬೆಡ್‌ಶೀಟ್ ತೆಗೆದುಕೊಂಡಳು.

ಅತ್ತೆಯ ಪರೀಕ್ಷೆಗೆ ಆಸ್ಪತ್ರೆಯವರು ಮುಂದಿನ ವಾರ ಬರಲು ಹೇಳಿದರು. ಅದಕ್ಕೆ ಮುಂಚಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಮಗನ ಮಂಚದ ಮೇಲೆ ಕುಳಿತು, "ಆ ಪಟ್ಟಿ ಎಲ್ಲಿಟ್ಟಿದ್ದೀಯ? ತಗೊಂಡು ಬಾ," ಎಂದರು.

"ಬೇಡ ಅತ್ತೆ."

"ನಾನು ಆಡಬಾರದ್ದೆಲ್ಲ ಆಡಿದ್ದೀನಿ ಆ ಪಟ್ಟಿಗೆ. ತಗೊಂಡು ಬಾ ಅಂದೆ."

ಸೊಸೆ ಕಪಾಟಿನಿಂದ ಅದನ್ನು ತಂದಳು. ಗಂಜಿ ಹಾಕಿ ಇಟ್ಟಿದ್ದರಿಂದ ಮಡಿಕೆಯ ಗೆರೆಗಳು ಹಾಗೇ ಇದ್ದವು. ಅತ್ತೆ ಕೈ ಚಾಚಿದರು. ಆ ತೆಳ್ಳನೆಯ ಮಣಿಕಟ್ಟಿಗೆ ಪಟ್ಟಿ ಎರಡು ಸುತ್ತು ಹೆಚ್ಚೇ ಬಂತು. ಸೊಸೆ ಇನ್ನೊಂದು ತುದಿ ಹಿಡಿದು ಕೆಳಗೆ ಒರಗಿದಳು, ಕಣ್ಣು ಮುಚ್ಚಲಿಲ್ಲ.

ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಮಗನದಕ್ಕಿಂತ ಸಣ್ಣದು, ಆದರೆ ಅದೇ ಏರು, ಅದೇ ದಾರಿ. ಅವಳು ಕಿವಿಗೊಟ್ಟು ಕಾದಳು. ಗೊರಕೆ ಮೇಲೇರಿ ಒಮ್ಮೆಲೇ ನಿಂತಿತು.

ಅವಳ ಕೈ ಏಳಲಿಲ್ಲ. ಎಷ್ಟೋ ವರ್ಷ ತಾನಾಗಿಯೇ ಜಗ್ಗಿದ ಕೈ ಈಗ ಹೆದರಿಕೊಂಡಿತ್ತು. ಜಗ್ಗಿದ ಮೇಲೂ ಆ ಕಡೆಯಿಂದ ಏನೂ ಬರದಿದ್ದರೆ ಎಂಬ ಹೆದರಿಕೆ. ಮಂಚದ ಮೇಲೆ ಅತ್ತೆಯ ಎದೆ ಏಳಲು ಒದ್ದಾಡುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡು ಪಟ್ಟಿಯನ್ನು ಜಗ್ಗಿದಳು.

"ಇದ್ದೀನಿ, ಇದ್ದೀನಿ," ಎಂದರು ಅತ್ತೆ, ಅರೆನಿದ್ದೆಯಲ್ಲಿ, ಸ್ವಲ್ಪ ರೇಗಿಕೊಂಡು.

ಅದೇ ಮಾತು, ಅದೇ ಧಾಟಿ. ಅವನು ಇದನ್ನು ಅಮ್ಮನಿಂದ ಕಲಿತಿದ್ದ ಎಂದು ಇಷ್ಟು ವರ್ಷ ಅವಳಿಗೆ ಗೊತ್ತಿರಲಿಲ್ಲ. ಸೊಸೆ ಹಾಸಿಗೆಯ ಮೇಲೆ ಬೋರಲಾಗಿ ಬಿದ್ದು, ಅವನು ಹೋದ ಮೇಲೆ ಮೊದಲ ಸಲ, ಬಾಯಿ ತುಂಬ ಬಟ್ಟೆ ತುರುಕಿಕೊಂಡು ಅತ್ತಳು. ಮೇಲೆ ಗೊರಕೆ ಮತ್ತೆ ಶುರುವಾಗಿತ್ತು. ಅಳುತ್ತಲೇ ಅದಕ್ಕೆ ಕಿವಿಗೊಟ್ಟಿದ್ದಳು, ಪಟ್ಟಿಯ ತುದಿಯನ್ನು ಕೈಯಿಂದ ಬಿಡಲಿಲ್ಲ.